ಒಂದು ಸೇರು ತೌಡಿನ ಮಗ

ನಮ್ಮ ಮನೆಯ ಬಚ್ಚಲಿಗೆ ಚಿಲಕವಿಲ್ಲ. ಮೊದಲು ಇತ್ತು, ಕಿತ್ತುಬಂತು. ನಾಳೆ ಹಾಕಿಸೋಣ ಎನ್ನುತ್ತ ಎರಡು ವರ್ಷ ಕಳೆಯಿತು. ಹೀಗಾಗಿ ಹೊರಗಿದ್ದವರು ಬಾಗಿಲು ತಟ್ಟಬೇಕು, ಒಳಗಿದ್ದವರು ‘ಯಾರು?’ ಎನ್ನಬೇಕು ಎಂಬುದು ಮನೆಯ ಕಾನೂನು. ಮೊನ್ನೆ ಬೆಳಿಗ್ಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ತಟ್ಟಿದೆ. ಒಳಗಿನಿಂದ ಮೊಮ್ಮಗಳು ‘ಯಾರು?’ ಎಂದಳು. ‘ನಾನು’ ಎಂದೆ. ‘ನಾನು ಅಂದ್ರೆ ಯಾರಜ್ಜಾ?’ ಎಂದಳು.

ಅಜ್ಜಾ ಎಂದ ಮೇಲೆ ಅವಳಿಗೆ ಗೊತ್ತಾಗಿದೆ. ಆದರೂ ಪ್ರಶ್ನೆ ಹೊರಬಿದ್ದಾಗಿತ್ತು. ನೀವೂ ಗಮನಿಸಿರಬಹುದು: ಯಾರ ಮನೆಯ ಬಾಗಿಲನ್ನು ಯಾರು ತಟ್ಟಿದರೂ ಮೊದಲು ಬರುವ ಉತ್ತರ ‘ನಾನು’. ಹೆಸರು ಆಮೇಲೆ. ಹಾಲಿನವನೂ ಅದನ್ನೇ ಹೇಳುತ್ತಾನೆ, ಅಮಲ್ದಾರನೂ ಅದನ್ನೇ ಹೇಳುತ್ತಾನೆ. ಇಷ್ಟೊಂದು ಜನ ಒಂದೇ ಹೆಸರಿಟ್ಟುಕೊಂಡಿದ್ದರೂ ಅಂಚೆಯವನಿಗೆ ಗೊಂದಲವಾಗದಿರುವುದು ಸೋಜಿಗ.

ಮೊಮ್ಮಗಳು ಹೊರಗೆ ಬರುವಷ್ಟರಲ್ಲಿ ನಾನು ಸ್ನಾನ ಮರೆತು, ನಿಂತಲ್ಲಿಂದಲೇ ಹುಟ್ಟೂರು ನ್ಯಾಮತಿಗೆ ಹೋಗಿಬಿಟ್ಟಿದ್ದೆ. ‘ನಾನು ಯಾರು’ ಎಂಬ ಪ್ರಶ್ನೆಯ ಬೆನ್ನು ಹತ್ತಿದ ದೊಡ್ಡವರು ದೊಡ್ಡ ದೊಡ್ಡ ಉತ್ತರಗಳನ್ನು ಕಂಡುಕೊಂಡಿದ್ದಾರೆ. ಅದೇ ಪ್ರಶ್ನೆಯ ಬೆನ್ನು ಹತ್ತಿದ ನಾನು ಒಬ್ಬ ಹೆಂಗಸಿಗೆ ಅನ್ಯಾಯ ಮಾಡಿದೆ. ಇದನ್ನು ಈವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ವಯಸ್ಸು ಎಂಬತ್ತು ದಾಟಿದೆ, ಹೇಳಿಬಿಡುತ್ತೇನೆ. ನನ್ನ ಹುಟ್ಟಿನಿಂದಲೇ ಶುರುಮಾಡಬೇಕು. ಗಾಬರಿಯಾಗಬೇಡಿ, ಬೇಗ ದೊಡ್ಡವನಾಗುತ್ತೇನೆ.

ನಮ್ಮವ್ವನಿಗೆ ನನಗಿಂತ ಮುಂಚೆ ಮೂರು ಮಕ್ಕಳು ಹುಟ್ಟಿ, ಮೂರೂ ವರ್ಷ ತುಂಬುವ ಮೊದಲೇ ಹೋಗಿದ್ದವು. ಅಂಥ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ ಅದನ್ನು ಮಾರುವ ಪದ್ಧತಿ ಆಗ ನಮ್ಮ ಕಡೆ ಇತ್ತು. ಸಾವು ಈ ಮನೆಯ ದಾರಿ ಕಲಿತುಬಿಟ್ಟಿದೆ, ಕೂಸು ಈ ಮನೆಯದೇ ಅಲ್ಲವೆಂದಾದರೆ ಹೊಸ್ತಿಲಿಂದಲೇ ವಾಪಸು ಹೋಗುತ್ತದೆ ಎಂಬ ನಂಬಿಕೆ. ಹನ್ನೊಂದನೆಯ ದಿನ ನನ್ನನ್ನು ಒಂದು ಮೊರದಲ್ಲಿ ಮಲಗಿಸಿಕೊಂಡು ಅವ್ವ ಹಿಂದಿನ ಓಣಿಯ ಹುಸೇನ್ ಸಾಬಿಯ ಮನೆಗೆ ಹೋದಳು. ಆತ ಹತ್ತಿ ಹಿಂಜಿ ಗಾದಿ ದಿಂಬು ಹೊಲಿಯುವವನು. ಹೆಂಡತಿಯ ಹೆಸರು ಖಾಸಿಂಬಿ. ಊರೆಲ್ಲ ಕರೆಯುತ್ತಿದ್ದುದು ಬೂವಮ್ಮ ಎಂದು. ಅವರಿಗೆ ಮಕ್ಕಳಿರಲಿಲ್ಲ. ಬೂವಮ್ಮ ನಮ್ಮವ್ವನ ಮಡಿಲಿಗೆ ಒಂದು ಸೇರು ತೌಡು ಸುರಿದು ಮೊರ ತೆಗೆದುಕೊಂಡಳು.

“ಇನ್ನ ಇದು ನನ್ನ ಕೂಸು. ನಿನಗೆ ಹಾಲೈತೆ, ನನಗಿಲ್ಲ. ನೀನು ಸಾಕಿ ಕೊಡು,” ಎಂದು ಮೊರವನ್ನು ಮರಳಿ ಕೊಟ್ಟಳು.

ಹೀಗೆ ಮಗನಾಗಿ ಹೋದವನು ಸಾಕಲು ಕೊಟ್ಟ ಕೂಸಾಗಿ ಅದೇ ಮನೆಗೆ ಬಂದೆ. ತೌಡನ್ನು ಎಮ್ಮೆಗೆ ಹಾಕಿದರಂತೆ. “ಇವನ ಬೆಲೆನ ಎಮ್ಮೆ ಒಂದೇ ಹೊತ್ತಿಗೆ ತಿಂದು ಮುಗಿಸ್ತು,” ಎಂದು ಅಪ್ಪ ನಗುತ್ತಿದ್ದ. ಸಾವು ಮೋಸಹೋಯಿತೋ, ನಾನೇ ಗಟ್ಟಿ ಪಿಂಡವೋ, ಅಂತೂ ಉಳಿದೆ. ಸಾಬರ ಮನೆಗೆ ಹೋದ ಕೂಸು ಎಂದು ಫಕೀರಪ್ಪ ಎಂದು ಹೆಸರಿಟ್ಟರು.

ಬೂವಮ್ಮನ ಮನೆ ಎಂದರೆ ಹತ್ತಿಯ ಮಳೆ. ಹುಸೇನ್ ಸಾಬಿ ಮನುಷ್ಯನಷ್ಟು ಉದ್ದದ ಬಿಲ್ಲನ್ನು ಸೂರಿಗೆ ತೂಗುಹಾಕಿ, ಮರದ ಗುಂಡಿನಿಂದ ಅದರ ಹೆದೆಯನ್ನು ಮೀಟುತ್ತಿದ್ದ. ಟಂಯ್ ಎಂದು ಓಣಿಯೆಲ್ಲ ಕೇಳುವ ಹಾಗೆ ಅದು ನಾದ ಮಾಡಿದರೆ, ಕಲ್ಲಿನಂತೆ ಗಟ್ಟಿಯಾಗಿದ್ದ ಹಳೆಯ ಗಾದಿಯ ಹತ್ತಿ ಬಿಡಿಬಿಡಿಯಾಗಿ ಹಾರುತ್ತಿತ್ತು. ಅಲ್ಲಿ ಆಡಿ ಮನೆಗೆ ಬಂದರೆ ತಲೆ, ಹುಬ್ಬು, ಮೂಗಿನ ಹೊಳ್ಳೆ ಎಲ್ಲ ಬೆಳ್ಳಗಾಗಿ ನಾನು ಆರು ವರ್ಷದ ಮುದುಕನಾಗಿರುತ್ತಿದ್ದೆ. ಬೂವಮ್ಮ ನನಗೆ ಬೇಯಿಸಿದ್ದೇನನ್ನೂ ಕೊಡುತ್ತಿರಲಿಲ್ಲ; ನಮ್ಮ ಮನೆಯ ರೀತಿ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆಲ್ಲ, ಪುಟಾಣಿ, ಹುರಿದ ಶೇಂಗಾ ಸೆರಗಿನ ತುದಿಯಲ್ಲಿ ಸದಾ ಇರುತ್ತಿದ್ದವು. ಅಲಾಯಿ ಹಬ್ಬದಲ್ಲಿ, ಅಂದರೆ ಮೊಹರಮ್ಮಿನಲ್ಲಿ, ನನ್ನ ಕೊರಳಿಗೆ ಕೆಂಪು ದಾರ ಹಾಕಿ ಫಕೀರನನ್ನಾಗಿ ಮಾಡುತ್ತಿದ್ದಳು. ನಾನು ಐದು ಮನೆ ಬೇಡಬೇಕು. ಮೊದಲನೆಯದು ನಮ್ಮದೇ ಮನೆ. ಅವ್ವ ಗುರುತೇ ಇಲ್ಲದವಳಂತೆ ಬಂದು ಜೋಳಿಗೆಗೆ ಜೋಳ ಹಾಕಿ ಕೈಮುಗಿಯುತ್ತಿದ್ದಳು. ಆ ಒಂದು ದಿನ ಅವ್ವನಿಂದ ಕೈಮುಗಿಸಿಕೊಳ್ಳುವ ಸಂತೋಷಕ್ಕೆ ನಾನು ವರ್ಷವಿಡೀ ಕಾಯುತ್ತಿದ್ದೆ.

ಅವ್ವನಿಗೆ ಸಿಟ್ಟು ಬಂದಾಗ ನನಗೆ ಹೊಡೆಯುವ ಮೊದಲು, “ಬೂವಮ್ಮನ ಮಗ ಅಂತ ಬಿಟ್ಟೀನಿ, ನನ್ನ ಮಗ ಆಗಿದ್ರೆ ಇಷ್ಟು ಹೊತ್ತಿಗೆ ಮುರಿದು ಹಾಕ್ತಿದ್ದೆ,” ಎನ್ನುತ್ತಿದ್ದಳು. ಎಲ್ಲ ಹುಡುಗರಿಗೂ ಹೀಗೆ ಇಬ್ಬರು ತಾಯಂದಿರು ಇರುತ್ತಾರೆಂದೇ ನಾನು ತಿಳಿದಿದ್ದೆ. ಇಲ್ಲವೆಂದು ಗೊತ್ತಾದ ದಿನ ಗೊಂದಲವಾಗಿ ಬೂವಮ್ಮನನ್ನೇ ಕೇಳಿದೆ.

“ಬೂವಮ್ಮ, ನಾನು ಯಾರವನು?”

“ಅವ್ವನ ಹತ್ರ ಇದ್ದಾಗ ಅವ್ವನವನು. ಇಲ್ಲಿದ್ದಾಗ ನನ್ನವನು.”

“ದಾರಿಯಾಗಿದ್ದಾಗ?”

“ದಾರಿಯಾಗಿದ್ದಾಗ ನೆಟ್ಟಗೆ ನೋಡ್ಕೊಂಡು ನಡಿ. ಎತ್ತಿನಗಾಡಿ ಬರ್ತಾವೆ.”

ನಾನು ಕೇಳಿದ ಮೊದಲ ವೇದಾಂತ ಪಾಠ ಇದೇ. ಪಾಠವೆಂದು ಗೊತ್ತಾಗಲಿಲ್ಲ.

ಗೊತ್ತಾಗುವಂಥ ಪಾಠ ಸಿಕ್ಕಿದ್ದು ಚನ್ನಗಿರಿಯಲ್ಲಿ. ಹೈಸ್ಕೂಲು ಓದಲು ಅಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಪಕ್ಕದ ಮಠದಲ್ಲಿ ವಯಸ್ಸಾದ ಅಯ್ಯನವರೊಬ್ಬರು ಸಂಜೆ ಹೊತ್ತು ನಾಲ್ಕು ಜನರನ್ನು ಕೂರಿಸಿಕೊಂಡು ಆತ್ಮದ ವಿಚಾರ ಹೇಳುತ್ತಿದ್ದರು. ನೀನು ದೇಹವಲ್ಲ, ಮನಸ್ಸಲ್ಲ, ಹೆಸರಲ್ಲ. ಇವೆಲ್ಲವನ್ನೂ ನೋಡುತ್ತ ನಿಂತಿರುವ ಸಾಕ್ಷಿ ನೀನು ಎನ್ನುತ್ತಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಮೇಲಿನ ಅರ್ಧ ಭಾಗದಲ್ಲಿ ಅವರು ದಯೆ, ಸೇವೆ, ಅಹಂಕಾರ ಬಿಡುವುದು ಎಂದೆಲ್ಲ ಹೇಳುತ್ತಿದ್ದರು. ಅಷ್ಟು ಹೊತ್ತಿಗೆ ಮಾವನ ಮನೆಯಲ್ಲಿ ಊಟಕ್ಕೆ ಕರೆಯುತ್ತಿದ್ದುದರಿಂದ ನಾನು ಎದ್ದು ಬರುತ್ತಿದ್ದೆ. ಮೊದಲರ್ಧದಿಂದಲೇ ಪೂರ್ತಿ ವೇದಾಂತಿಯಾದೆ.

ಯುದ್ಧದ ಕಾಲ ಅದು. ಸೀಮೆಎಣ್ಣೆಗೆ ಸಾಲು ನಿಲ್ಲಬೇಕಿತ್ತು. ಒಂದು ದಿನ ಮಾವ ಡಬ್ಬಿ ಕೊಟ್ಟು ಹೋಗೆಂದಾಗ ನಾನು, “ಹೋಗುವವನು ನಾನಲ್ಲ ಮಾವ, ಈ ದೇಹ. ನಾನು ಸಾಕ್ಷಿ ಮಾತ್ರ,” ಎಂದೆ.

ಮಾವ ಸ್ವಲ್ಪವೂ ತಲೆಕೆಡಿಸಿಕೊಳ್ಳಲಿಲ್ಲ. “ಸಾಕ್ಷಿಗೆ ಎಣ್ಣೆ ಕೊಡಲ್ಲಪ್ಪ, ಕಾರ್ಡಿಗೆ ಕೊಡ್ತಾರೆ. ಕಾರ್ಡು ಗೂಟದಾಗೆ ಐತೆ, ತಗೊಂಡು ಹೋಗು. ನಿನ್ನ ದೇಹ ವಾಪಸು ಬರೋ ಮಟ ನೀನು ಇಲ್ಲೇ ಕುಂತಿರು ಬೇಕಾದ್ರೆ.”

ಈ ವೇದಾಂತದ ಹುರುಪಿನಲ್ಲಿ ನಾನು ಮಾಡಿದ ಮೊದಲ ಕೆಲಸ ಹೆಸರು ಬದಲಾಯಿಸಿದ್ದು. ಫಕೀರಪ್ಪ ಎಂದರೆ ತರಗತಿಯಲ್ಲಿ ನಗುತ್ತಿದ್ದರು. ರಿಜಿಸ್ಟರಿನಲ್ಲಿ ಚಿದಾನಂದ ಎಂದು ಬರೆಸಿಕೊಂಡೆ. ಹೆಸರೆಂಬುದೇ ಸುಳ್ಳು ಎಂದು ವಾದಿಸುವವನು ಸುಳ್ಳುಗಳಲ್ಲಿ ಚೆಂದದ್ದೊಂದನ್ನು ಆರಿಸಿಕೊಂಡ ನೋಡಿ. ಆಗ ಅದು ವಿಚಿತ್ರವೆನಿಸಲಿಲ್ಲ. ನಮ್ಮ ಮಾತು ನಮಗೆ ಅನುಕೂಲವಾಗಿರುವವರೆಗೆ ಅದರೊಳಗಿನ ತೂತು ನಮಗೆ ಕಾಣುವುದಿಲ್ಲ.

ಹೈಸ್ಕೂಲು ಮುಗಿದ ಮೇಲೆ ಜಗಳೂರಿನ ಕಡೆಯ ಸೊಕ್ಕೆಯಲ್ಲಿ ಪ್ರೈಮರಿ ಮೇಷ್ಟ್ರ ಕೆಲಸ ಸಿಕ್ಕಿತು. ಕುರಿಗಳ ಧೂಳು ಬಿಟ್ಟರೆ ಮೋಡವೆಂಬುದು ಕಾಣದ ಊರು; ನನಗೆ ಮಾತ್ರ ಬಹಳ ಹಿಡಿಸಿತು. ಅಲ್ಲಿ ಎಲ್ಲರಿಗೂ ನಾನು ಚಿದಾನಂದ ಮೇಷ್ಟ್ರು. ಎರಡು ವರ್ಷದಲ್ಲಿ ಜಗಳೂರಿನ ಶೇಂಗಾ ವ್ಯಾಪಾರಿಯೊಬ್ಬರ ಮಗಳು ಪಾರ್ವತಿಯ ಜೊತೆ ಮದುವೆ ಗೊತ್ತಾಯಿತು. ಮಾವನಾಗುವವರು ದೊಡ್ಡ ರುಮಾಲಿನ ಗಂಭೀರ ಮನುಷ್ಯ. ಮನೆತನ ಹೇಗೆ, ನಡೆ ನುಡಿ ಹೇಗೆ ಎಂದು ಎರಡೆರಡು ಸಲ ಕೇಳಿದರು. ನಾನು ಎರಡೆರಡು ಸಲ ಹೇಳಿದೆ. ತೌಡಿನ ವಿಷಯ ಒಂದು ಸಲವೂ ಹೇಳಲಿಲ್ಲ.

ಮದುವೆಗೆ ಒಂದು ವಾರವಿರುವಾಗ ನ್ಯಾಮತಿಗೆ ಬಂದೆ. ಅವ್ವ ಮೊದಲು ಹೇಳಿದ್ದೇ ಇದು: “ಬೂವಮ್ಮಗೆ ಕರೆದು ಬಾ. ಆಕೆ ಚಪ್ಪರದಾಗೆ ನಿಂತು ನಿನ್ನ ಬಿಟ್ಟುಕೊಡಬೇಕು. ಅಲ್ಲೀ ಮಟ ನಿನ್ನ ತಲೆ ಮೇಲೆ ಅಕ್ಕಿಕಾಳು ಬೀಳಾಂಗಿಲ್ಲ.”

ಮಾರಿದ ಕೂಸನ್ನು ಮದುವೆಗೆ ಮುಂಚೆ ಕೊಂಡವರಿಂದ ಬಿಡಿಸಿಕೊಳ್ಳಬೇಕೆಂಬುದು ಆ ಪದ್ಧತಿಯ ಉಳಿದರ್ಧ. ಜಗಳೂರಿನ ಚಪ್ಪರದಲ್ಲಿ, ಆ ರುಮಾಲಿನ ಎದುರಿಗೆ, ಗಾದಿ ಹೊಲಿಯುವ ಬೂವಮ್ಮ ನನ್ನನ್ನು ತನ್ನ ಮಗನೆಂದು ಕೈಹಿಡಿದು ನಿಲ್ಲುವುದನ್ನು ನೆನೆಸಿಕೊಂಡೇ ನನಗೆ ಬೆವರು ಬಂತು. ಕೂಡಲೇ ವೇದಾಂತ ನೆರವಿಗೆ ಬಂತು.

“ಯಾರು ಯಾರನ್ನ ಬಿಟ್ಟುಕೊಡೋದವ್ವ? ಆತ್ಮಕ್ಕೆ ತಾಯಿ ಅಂತ ಇರಲ್ಲ.”

“ಆತ್ಮಕ್ಕೆ ಇಲ್ದಿದ್ರೆ ಇಲ್ಲ. ನಿನಗೆ ಇಬ್ಬರು ಅದೀವಿ. ಹೋಗು.”

ಹೋದೆ. ಓಣಿಯ ತಿರುವಿನವರೆಗೆ ಹೋದೆ. ಹುಸೇನ್ ಸಾಬಿಯ ಬಿಲ್ಲು ಟಂಯ್ ಎನ್ನುತ್ತಿತ್ತು. ಅಲ್ಲಿ ಸ್ವಲ್ಪ ಹೊತ್ತು ನಿಂತು, ಕರೆಯುವವನು ಯಾರು, ಬರುವವರು ಯಾರು ಎಂದು ನನಗೆ ನಾನೇ ಹೇಳಿಕೊಂಡು ತಿರುಗಿ ಬಂದೆ. “ಹೇಳಿದೆ. ಜಗಳೂರಿಗೇ ಬಂದು ಬಿಟ್ಟುಕೊಡ್ತಾಳಂತೆ,” ಎಂದು ಅವ್ವನಿಗೆ ಸುಳ್ಳು ಹೇಳಿದೆ. ಆಕೆ ಬರುವುದಿಲ್ಲ, ಮದುವೆಯ ಗದ್ದಲದಲ್ಲಿ ಅವ್ವನ ಮಾತು ಯಾರೂ ಕೇಳುವುದಿಲ್ಲ ಎಂಬುದು ನನ್ನ ಹಂಚಿಕೆ. ಬ್ರಹ್ಮಾಂಡದ ಗುಟ್ಟು ತಿಳಿದವನಿಗೆ ಒಂದು ಸಣ್ಣ ಸಂಗತಿ ಹೊಳೆಯಲಿಲ್ಲ: ನ್ಯಾಮತಿಯಂಥ ಊರಿನಲ್ಲಿ ಇಬ್ಬರು ಹೆಂಗಸರು ಸಂತೆಯಲ್ಲಿ ಎದುರಾಗದೆ ಒಂದು ವಾರ ಕಳೆಯುವುದಿಲ್ಲ. ಎದುರಾದರು. “ಮದುವೆಗೆ ಬರ್ತೀಯಂತಲ್ಲ, ನನ್ನ ಹೊಟ್ಟೆ ತಣ್ಣಗಾತು,” ಎಂದಳಂತೆ ಅವ್ವ. ಯಾರೂ ಕರೆಯದ ಬೂವಮ್ಮ, “ಹೂಂನವ್ವ, ಹೇಳ್ದ. ಬರ್ತೀನಿ,” ಎಂದಳಂತೆ. ಇದು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ಮದುವೆಯ ಬೆಳಿಗ್ಗೆ ನಾನು ಹಣೆಗೆ ಬಾಸಿಂಗ ಕಟ್ಟಿಸಿಕೊಂಡು ಮದುಮಗನ ಜಮಖಾನೆಯ ಮೇಲೆ ಕೂತಿದ್ದೆ. ಹುಡುಗಿಯ ಚಿಕ್ಕಪ್ಪ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು.

“ಅಳಿಯಂದ್ರೇ, ಚಪ್ಪರದ ಬಾಗಿಲಿಗೆ ಒಬ್ಬ ಸಾಬರ ಹೆಣ್ಣುಮಗಳು ಬಂದಾಳೆ. ಇದ್ದಿಲು ಬಸ್ಸಿನ ನೆತ್ತಿ ಮೇಲೆ ಗಾದಿ ಹಾಕ್ಕೊಂಡು ಹೊನ್ನಾಳಿ ಮ್ಯಾಲಿಂದ ಬಂದಾಳಂತೆ. ಯಾರಮ್ಮ ಅಂದ್ರೆ, ಮದುಮಗನ್ನೇ ಕೇಳ್ರಿ ಅಂತಾಳೆ. ಯಾರು ಆಕೆ?”

ನೋಡಿದೆ. ಹತ್ತು ಹೆಜ್ಜೆಯಾಚೆ ಬೂವಮ್ಮ ನಿಂತಿದ್ದಳು. ಹಸಿರು ಸೀರೆ ಹೊಸದು, ಹುಬ್ಬಿನ ಹತ್ತಿ ಹಳೆಯದು. ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲು ಉರಿಸಿ ಓಡುತ್ತಿದ್ದ ಎರಡು ಬಸ್ಸಿನ ಮಸಿ ಮುಖದ ಮೇಲೆ. ಪಕ್ಕದಲ್ಲಿ ಸುತ್ತಿ ಕಟ್ಟಿದ ದೊಡ್ಡ ಗಾದಿ. ನನ್ನನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದು ಕೈ ಎತ್ತಿದಳು. ನಾನು ಮುಖ ತಿರುಗಿಸಿದೆ.

“ನಮ್ಮೂರಿನ ಗಾದಿ ಹೊಲಿಯೋರು,” ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ಅದರ ಕೆಟ್ಟತನ. ಅವಳಿಗೆ ಕೇಳಿಸಿತು. ಎತ್ತಿದ ಕೈಯನ್ನು ನಿಧಾನಕ್ಕೆ ಇಳಿಸಿ, ಚಿಕ್ಕಪ್ಪನಿಗೆ ನಗುತ್ತಲೇ ಹೇಳಿದಳು: “ಹೌದ್ರಿ, ಗಾದಿ ಹೊಲಿಯೋಳು. ಎಲ್ಲಿ ಇಡ್ಲಿ ಹೇಳ್ರಿ ಇದನ್ನ.”

ಅವರು ಶೇಂಗಾ ಚೀಲಗಳ ಕಡೆ ಕೈ ತೋರಿಸಿದರು. ಗಾದಿ ಇಟ್ಟು ಅವಳೂ ಅಲ್ಲೇ ಚೀಲಕ್ಕೆ ಒರಗಿ ಕೂತಳು. ಆ ಹೊತ್ತಿಗೆ ನನಗೆ ನಾಚಿಕೆಯಾಯಿತು ಎಂದು ಬರೆದರೆ ನೀವು ನಂಬುತ್ತೀರಿ. ಆದರೆ ಮೊದಲು ಬಂದದ್ದು ನಿರಾಳ. ಸದ್ಯ, ತಪ್ಪಿತು ಎನಿಸಿತು. ನಾಚಿಕೆ ಆಮೇಲೆ, ಎಲ್ಲರೂ ಬಂದಾದ ಮೇಲೆ ಬರುವ ನೆಂಟರ ಹಾಗೆ ಬಂತು. ಬಂದದ್ದು ಇನ್ನೂ ಹೋಗಿಲ್ಲ.

ಅಷ್ಟರಲ್ಲಿ ಅವ್ವ ಬೂವಮ್ಮನನ್ನು ಹುಡುಕುತ್ತ ಹೊರಗೆ ಬಂದಳು. ಚೀಲಗಳ ನಡುವೆ ಕಂಡು, “ನೀನ್ಯಾಕೆ ಇಲ್ಲಿ ಕುಂತೆ? ನಿನ್ನ ಮಗನ ಮದುವ್ಯಾಗೆ ನಿನಗೆ ಚೀಲ ಕಾಯೋ ಕೆಲಸ ಯಾರು ಹಚ್ಚಿದ್ರು?” ಎಂದು ಕೈಹಿಡಿದು ಎಳೆದುಕೊಂಡು ಚಪ್ಪರದ ನಡುವೆ ತಂದು ನಿಲ್ಲಿಸಿದಳು. ಇನ್ನೂರು ಜನರ ಎದುರಿಗೆ ಹೇಳಿಯೇಬಿಟ್ಟಳು: “ನನ್ನ ಮಗನ್ನ ಕೊಂಡಾಕೆ ಇವಳೇ. ಬಿಟ್ಟುಕೊಡಾಕೆ ಬಂದಾಳೆ.”

ನಾನು ಮಾವನವರ ರುಮಾಲನ್ನು ನೋಡಿದೆ. ಅದು ಅಲ್ಲಾಡಲಿಲ್ಲ. ಆಗ ಮೂಲೆಯಲ್ಲಿ ಕಂಬಳಿಯ ಮೇಲೆ ಕೂತಿದ್ದ ಅವರ ತಾಯಿ, ಹಲ್ಲಿಲ್ಲದ ಮುದುಕಿ, ಕೇಳಿದಳು.

“ಎಷ್ಟಕ್ಕೆ ಕೊಟ್ಟಿದ್ದೆವ್ವ?”

“ಸೇರು ತೌಡಿಗೆ ಅಜ್ಜಿ.”

“ತುಟ್ಟಿ ಆತು. ಇವನ್ನ ನೋಡು,” ಎಂದು ಅಜ್ಜಿ ಮಾವನವರತ್ತ ಗದ್ದ ತೋರಿಸಿದಳು. “ಇವನ್ನ ಕುಂಬಾರಗೇರ್ಯಾಗೆ ಒಂದು ಬೊಗಸೆ ಬೂದಿಗೆ ಕೊಟ್ಟಿದ್ದೆ. ಅದೂ ಚೌಕಾಸಿ ಮಾಡಿದ್ರು.”

ಚಪ್ಪರವೆಲ್ಲ ನಕ್ಕಿತು. ಮಾವನವರು ರುಮಾಲು ಸರಿಮಾಡಿಕೊಂಡು ತಾವೂ ನಕ್ಕರು. ನಾನು ಯಾರಿಗೆ ಹೆದರಿ ತೌಡಿನ ವಿಷಯ ಬಚ್ಚಿಟ್ಟಿದ್ದೆನೋ ಆತ ನನಗಿಂತ ಅಗ್ಗಕ್ಕೆ ಹೋಗಿದ್ದ ಮನುಷ್ಯ.

ಆದರೆ ಬೂವಮ್ಮ ಸುಲಭಕ್ಕೆ ಬಿಡುವ ಹಾಗಿರಲಿಲ್ಲ. ಸೆರಗಿನಿಂದ ಮುಖದ ಮಸಿ ಒರೆಸಿಕೊಳ್ಳುತ್ತ, “ಗಾದಿ ಹೊಲಿಯೋಳಿಗೆ ಮಗ ಎಲ್ಲಿಂದ ಬರ್ತಾನ್ರಿ? ಆತನ್ನೇ ಕೇಳ್ರಿ,” ಎಂದಳು. ಅವ್ವ ತಮಾಷೆಯೆಂದುಕೊಂಡು ನಕ್ಕಳು. ಚಿಕ್ಕಪ್ಪ ನಗಲಿಲ್ಲ. ನಾನು ಎದ್ದು ನಿಂತೆ.

“ನಾನು ನಿನ್ನ ಮಗ,” ಎಂದೆ.

“ಹೆಸರು?”

“ಫಕೀರಪ್ಪ.”

“ನನ್ನ ಮಗ ಹಿಂಗೆ ಸಣ್ಣ ದನೀಲಿ ಮಾತಾಡಾಂಗಿಲ್ಲ. ಹಿಂದೆ ಕುಂತೋರಿಗೆ ಕೇಳ್ಲಿ.”

ಹಿಂದೆ ಕೂತವರಿಗೆ ಕೇಳುವ ಹಾಗೆ ಹೇಳಿದೆ. ಒಳಮನೆಯ ಬಾಗಿಲ ಮರೆಯಿಂದ ಬಳೆಗಳ ಸದ್ದಿನ ಜೊತೆ ಒಂದು ನಗು ಬಂತು. ಆ ನಗು ಯಾರದೆಂದು ಸಂಜೆಯ ಹೊತ್ತಿಗೆ ತಿಳಿಯಿತು. ಮುಂದೆ ಐವತ್ತು ವರ್ಷ ಪಾರ್ವತಿ ನನ್ನನ್ನು ಫಕೀರಪ್ಪನವರೇ ಎಂದು ಕರೆದದ್ದೂ ಆ ನಗುವಿನಲ್ಲೇ.

ಅವ್ವ ಒಂದು ಸೀರೆಯನ್ನೂ ಸೇರು ತೌಡನ್ನೂ ಬೂವಮ್ಮನ ಮಡಿಲಿಗೆ ಹಾಕಿ, ಚಪ್ಪರದ ಆಚೆ ಕಂಬದ ಹತ್ತಿರ ಹೋಗಿ ನಿಂತಳು. ಅಜ್ಜಿ ಕೂತಲ್ಲಿಂದಲೇ ಕ್ರಮ ಹೇಳಿಕೊಟ್ಟಳು. “ಆಕೆ ಕೈ ಬಿಡಬೇಕು. ಇವನು ಅವ್ವನ ಹತ್ರ ನಡಕೊಂಡು ಹೋಗಬೇಕು. ತಿರುಗಿ ನೋಡಬಾರದು. ನೋಡಿದ್ರೆ ಬಿಟ್ಟಂಗಾಗಲ್ಲ.”

“ಇಕಾ, ನಿನ್ನ ಮಗ,” ಎಂದು ಬೂವಮ್ಮ ನನ್ನ ಕೈ ಬಿಟ್ಟಳು.

ಹೊರಟೆ. ಎಂಟೇ ಹೆಜ್ಜೆಯ ದಾರಿ. ನಾಲ್ಕನೆಯ ಹೆಜ್ಜೆಗೆ ನನಗೊಂದು ವಿಚಾರ ಬಂತು. ಹಿಂದಿನವಳು ಬಿಟ್ಟಾಗಿದೆ, ಮುಂದಿನವಳು ಇನ್ನೂ ಹಿಡಿದಿಲ್ಲ. ಈಗ ನಾನು ಯಾರವನೂ ಅಲ್ಲ. ಫಕೀರಪ್ಪನನ್ನು ಅಲ್ಲಿ ಬಿಟ್ಟು ಬಂದೆ, ಚಿದಾನಂದ ಬೆಳಿಗ್ಗೆಯೇ ಮಾನ ಕಳೆದುಕೊಂಡ, ಹೆಸರೂ ಇಲ್ಲ. ಅಯ್ಯನವರು ಹೇಳುತ್ತಿದ್ದ, ನಾನು ನಾಲ್ಕು ವರ್ಷ ಎಲ್ಲರ ಮುಂದೆ ಮೆರೆಸುತ್ತಿದ್ದ ಆ ಬರೀ ‘ನಾನು’ ಇದೇ ಇರಬೇಕು. ಅಯ್ಯನವರಂಥವರಿಗೆ ಅಲ್ಲಿ ಆನಂದ ಸಿಗುತ್ತದೇನೋ, ಅವರು ಪಾಠವನ್ನು ಪೂರ್ತಿ ಕಲಿತವರು. ನನಗೆ ಜಗಳೂರಿನ ಆ ಬೇಸಿಗೆಯಲ್ಲಿ ಮೈ ಜುಮ್ಮೆಂದು ಚಳಿಯಾಯಿತು. ಸಂತೆಯಲ್ಲಿ ಕೈ ತಪ್ಪಿದ ಕೂಸಿನ ಹಾಗೆ ತಿರುಗಿ ನೋಡಿದೆ.

“ಆಗಲಿಲ್ಲ. ಇನ್ನೊಂದು ಸಲ,” ಎಂದಳು ಅಜ್ಜಿ.

ಮತ್ತೆ ಬೂವಮ್ಮನ ಹತ್ತಿರ ಹೋದೆ. ಮತ್ತೆ ಕೈ ಬಿಟ್ಟಳು. ಈ ಸಲ ಆರನೆಯ ಹೆಜ್ಜೆಯಲ್ಲಿ ತಿರುಗಿದೆ. ಮೊದಲನೆಯದು ತಾನಾಗಿ ಆದದ್ದು. ಎರಡನೆಯದು ಬೇಕೆಂದೇ ಮಾಡಿದ್ದು. ಮೂರನೆಯದಂತೂ ಎರಡನೆಯ ಹೆಜ್ಜೆಗೇ ತಿರುಗಿದೆ. ಜನ ನಗುತ್ತಿದ್ದರು. ಅವ್ವ ಆ ಕಂಬದ ಹತ್ತಿರ ಕಣ್ಣು ಒರೆಸಿಕೊಳ್ಳುತ್ತ ಬೈಯುತ್ತಿದ್ದಳು. ಮದುವೆ ಮಾಡಿಸಲು ಬಂದ ಸ್ವಾಮಿಗಳು ಹೊತ್ತು ಮೀರುತ್ತದೆ ಎಂದು ಕೈ ಎತ್ತಿದರು.

“ಸಾಕು ಬಿಡ್ರಿ,” ಎಂದರು ಮಾವನವರು. “ಬಿಡಾಕೆ ಬರ್ದಿದ್ರೆ ಇಬ್ಬರೂ ಇಟ್ಕಳ್ಳಿ. ನಾವೂ ಒಂದು ಪಾಲು ಹಿಡೀತೀವಿ.”

ಹೀಗೆ ಬಿಟ್ಟುಕೊಡುವುದು ಪೂರ್ತಿಯಾಗದೆಯೇ ಅಕ್ಕಿಕಾಳು ಬಿತ್ತು. ಹಿರಿಯರ ಕಾಲಿಗೆ ಬೀಳುತ್ತ ಬೂವಮ್ಮನ ಹತ್ತಿರ ಬಂದೆವು. ಆ ಬೆಳಿಗ್ಗೆಯ ಮಾತಿಗೆ ಅಲ್ಲೇ ತಪ್ಪೊಪ್ಪಿಕೊಳ್ಳಬೇಕೆಂದು ಗಟ್ಟಿಮಾಡಿಕೊಂಡಿದ್ದೆ. ಅಂದು ಆಗಲಿಲ್ಲ. ಅವಳು ಇನ್ನೂ ಇಪ್ಪತ್ತು ವರ್ಷ ಬದುಕಿದಳು. ನ್ಯಾಮತಿಗೆ ಹೋದಾಗಲೆಲ್ಲ ಬಾಯಿ ತೆರೆದೆ, ಅವಳು ಪ್ರತಿ ಸಲವೂ ಮಳೆಯದೋ ಮೊಮ್ಮಕ್ಕಳದೋ ಮಾತು ತೆಗೆದಳು. ಅಂದು ಯಾಕೆ ಆಗಲಿಲ್ಲವೆಂದರೆ, ನಾನು ಮಂಡಿಯೂರಿ, “ಬೂವಮ್ಮ, ಆಗ ನಾನು ಬಾಗಿಲಾಗೆ...” ಎನ್ನುವಷ್ಟರಲ್ಲಿ ಅವಳು ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದಳು.

“ಬಾಸಿಂಗ ಸೊಟ್ಟ ಕಟ್ಟ್ಯಾರೆ ನಿನಗೆ. ಬರ್ತಿದ್ದಂಗೇ ನೋಡ್ದೆ. ಸರಿ ಮಾಡಾನ ಅಂತ ಕೈ ಎತ್ತಿದ್ರೆ ನೀನು ಅತ್ಲಾಗೆ ತಿರುಗಿಬಿಟ್ಟೆ. ಈಗ ಅಲ್ಲಾಡಬ್ಯಾಡ.”

ದಾರ ಬಿಚ್ಚಿ, ನನ್ನ ಹಣೆಯ ಮೇಲೆ ಬಾಸಿಂಗವನ್ನು ನೆಟ್ಟಗೆ ಇಟ್ಟು, ಗಾದಿಗೆ ಹಾಕುವಂಥ ಬಿಗಿ ಗಂಟು ಹಾಕತೊಡಗಿದಳು. ನಾನು ಅಲ್ಲಾಡಲಿಲ್ಲ.